ನಮ್ಮ ಮನೆಯ ಮೌನಾನುಷ್ಠಾನ

ನನಗೊಂದು ಕಾಯಿಲೆ ಇದೆ. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಇದು ನನ್ನೊಬ್ಬನದಲ್ಲ, ನಮ್ಮ ಹೊಳಲ್ಕೆರೆಯ ನೀರಿನಲ್ಲೇ ಇದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿರುತ್ತೇನೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತು ರಾಮಗಿರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರನ್ನಾದರೂ ಕೇಳಿ ನೋಡಿ. ಗೊತ್ತಿದ್ದವನು ಒಂದು ಹೊತ್ತು ಹೇಳುತ್ತಾನೆ. ಗೊತ್ತಿಲ್ಲದವನು ಎರಡು ಹೊತ್ತು ಹೇಳಿ, ಎರಡನೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುತ್ತದೆ ಎಂಬ ಸಲಹೆಯನ್ನೂ ಕೊಡುತ್ತಾನೆ. ಮನೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಹಿರಿಯರು ಹೇಳಿದ್ದನ್ನು ನಾವು ಪ್ರಶ್ನೆಗಳಿಗೂ ಅನ್ವಯಿಸಿಕೊಂಡಿದ್ದೇವೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜಾ, ಆಕಾಶದಲ್ಲಿ ಹೋಗುತ್ತಿದ್ದ ವಿಮಾನ ತೋರಿಸಿ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ನಾನು ಕತ್ತೆತ್ತಿಯೂ ನೋಡದೆ ‘ಪುಣೆಗೆ’ ಎಂದಿದ್ದೆ. ನಮ್ಮ ಮನೆ ಮೇಲೆ ಹಾದುಹೋಗುವ ಎಲ್ಲ ವಿಮಾನಗಳೂ ಪುಣೆಗೇ ಹೋಗುತ್ತವೆ ಎಂದು ಆಕೆ ಇವತ್ತಿಗೂ ನಂಬಿದ್ದಾಳೆ. ಇಂಥ ನಿರುಪದ್ರವಿ ಕಾಯಿಲೆ ಕಳೆದ ವರ್ಷ ನಮ್ಮ ಮನೆಯನ್ನೂ ನಮ್ಮ ಬೀದಿಯನ್ನೂ ಎಂಥ ಪೇಚಿಗೆ ಸಿಕ್ಕಿಸಿತು ಎಂಬುದನ್ನು ಹೇಳಿಬಿಡುತ್ತೇನೆ. ಹೇಳಿ ಮುಗಿಸಿದ ಮೇಲಾದರೂ ನನಗೆ ಅದು ಪೂರ್ತಿ ಅರ್ಥವಾದೀತೆಂಬ ಭರವಸೆಯೇನೂ ಇಲ್ಲ.

ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರು ಎಂದರೆ ಗಣಿತದ ಮೇಷ್ಟ್ರಿಗೆ ಪಾಠ ಮುಗಿಯದಿದ್ದಾಗ ತನ್ನ ಪೀರಿಯಡ್ಡನ್ನು ಬಿಟ್ಟುಕೊಡುವವನು ಎಂದರ್ಥ. ಉಳಿದ ಪೀರಿಯಡ್ಡುಗಳಲ್ಲಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಮಡಕೆ, ಮಾವಿನಹಣ್ಣು, ಎರಡು ಗುಡ್ಡಗಳ ನಡುವೆ ಹುಟ್ಟುವ ಸೂರ್ಯ, ಇವನ್ನು ಬರೆಯಲು ಕಲಿಸಿದ್ದೇನೆ. ನಮಗೆ ಒಬ್ಬಳೇ ಮಗಳು. ಹುಟ್ಟಿದಾಗ ಹುಮ್ಮಸ್ಸಿನಿಂದ ಸುಚಿತ್ರಾ ಎಂದು ಹೆಸರಿಟ್ಟೆ. ಅವಳು ಚಿತ್ರದ ಕಡೆ ತಿರುಗಿಯೂ ನೋಡದೆ ರಸಾಯನಶಾಸ್ತ್ರ ಓದಿ, ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಳು. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಂದಳು. ಒಂದು ದಿನ ಪಾಠದ ನಡುವೆ ಬೋರ್ಡಿನ ಮೇಲೆ ಅರ್ಧ ಸಮೀಕರಣ ಬರೆದವಳು, ಮುಂದೇನೆಂದು ತೋಚದೆ ಸೀಮೆಸುಣ್ಣ ಹಿಡಿದು ಹಾಗೆಯೇ ನಿಂತುಬಿಟ್ಟಳಂತೆ. ಹಿಂದಿನ ಬೆಂಚಿನವರು ನಕ್ಕರಂತೆ. ಆವತ್ತು ಮಧ್ಯಾಹ್ನದ ಬಸ್ಸಿಗೇ ಬಂದು, ಅಂಗಳದ ಹದಿನಾಲ್ಕು ಮೆಟ್ಟಿಲು ಹತ್ತಿ, ಮಹಡಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ತಲೆನೋವಿರಬೇಕು, ಸಂಜೆಗೆ ಇಳಿದು ಬರುತ್ತಾಳೆ ಎಂದುಕೊಂಡೆವು. ಆ ಸಂಜೆ ಎಂಟು ತಿಂಗಳಾದರೂ ಬರಲಿಲ್ಲ.

ಮೇಲೆಯೇ ಬಚ್ಚಲುಮನೆ ಇದ್ದುದರಿಂದ ಇಳಿದು ಬರುವ ಪ್ರಮೇಯವೂ ಅವಳಿಗಿರಲಿಲ್ಲ. ಊಟದ ತಟ್ಟೆಯನ್ನು ನಾನು ಬಾಗಿಲ ಹೊರಗಿಟ್ಟು ಬರುತ್ತಿದ್ದೆ, ಸ್ವಲ್ಪ ಹೊತ್ತಾದ ಮೇಲೆ ಗಿರಿಜಾ ಹೋಗಿ ಖಾಲಿ ತಟ್ಟೆ ತರುತ್ತಿದ್ದಳು. ಪ್ರತಿದಿನ ಮೆಟ್ಟಿಲು ಹತ್ತುವಾಗ, ಇವತ್ತು ಏನಾದರೂ ಒಂದು ಒಳ್ಳೆಯ ಮಾತು ಹೇಳಬೇಕು, ‘ನಾವಿದ್ದೇವೆ’ ಎಂದೋ, ‘ನಿನ್ನ ತಪ್ಪೇನಿಲ್ಲ’ ಎಂದೋ ಹೇಳಬೇಕು ಎಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲ ಮುಂದೆ ನಿಂತರೆ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಉಂಡ ಮೇಲೆ ತಟ್ಟೆಗೆ ನೀರು ಹಾಕಿಡಮ್ಮ, ಮುದ್ದೆ ಒಣಗಿದ್ರೆ ಹೋಗಲ್ಲ.” ಎಂಟು ತಿಂಗಳು ನಾನು ನನ್ನ ಮಗಳಿಗೆ ಹೇಳಿದ್ದು ಇದಿಷ್ಟೇ ಎಂದರೆ ನೀವು ನಂಬಲಿಕ್ಕಿಲ್ಲ. ಅತ್ತ ಗಿರಿಜಾ ದೃಷ್ಟಿ ತೆಗೆದಳು, ಮೆಣಸಿನಕಾಯಿ ಸುಟ್ಟಳು, ಘಾಟಿಗೆ ಕೆಮ್ಮಿದ್ದು ನಾನು. ಹೊಸದುರ್ಗದಿಂದ ಬಂದ ನಮ್ಮ ಅಕ್ಕ ಬಾಗಿಲು ನೋಡಿದವಳೇ “ಮದ್ವಿ ಮಾಡ್ರಿ, ಎಲ್ಲಾ ಸರಿ ಹೋಗ್ತೈತೆ” ಎಂದಳು. ನಮ್ಮ ಅಕ್ಕನ ಔಷಧದ ಪೆಟ್ಟಿಗೆಯಲ್ಲಿ ಇರುವುದು ಅದೊಂದೇ ಗುಳಿಗೆ.

ಕೊನೆಗೆ ನಾನೊಬ್ಬನೇ ಚಿತ್ರದುರ್ಗಕ್ಕೆ ಹೋಗಿ ಒಬ್ಬ ಮನೋವೈದ್ಯೆಯನ್ನು ಕಂಡೆ. ಮಗಳ ಬಗ್ಗೆ ಕೇಳಲು ಹೋದವನಿಗೆ ಆಕೆ, ನಿಮಗೆ ನಿದ್ದೆ ಹೇಗೆ ಬರುತ್ತದೆ, ಹಸಿವು ಹೇಗಿದೆ, ಮನೆಗೆ ಬಂದವರಿಗೆ ಇದನ್ನು ಏನೆಂದು ಹೇಳುತ್ತೀರಿ ಎಂದೆಲ್ಲ ಕೇಳಿದರು. “ಶಿವಮೊಗ್ಗದಲ್ಲಿ ಟ್ರೈನಿಂಗಿಗೆ ಹೋಗಿದ್ದಾಳೆ ಅಂತ ಹೇಳ್ತೀನಿ” ಎಂದೆ. ಆಕೆ ತಲೆಯೆತ್ತದೆ ಏನೋ ಬರೆದುಕೊಂಡರು. ಪರೀಕ್ಷೆ ಯಾರದು ನಡೆಯುತ್ತಿದೆ ಎಂದು ನನಗೆ ಅನುಮಾನ ಶುರುವಾಯಿತು. ಇದು ಯಾವ ಕಾಯಿಲೆ ಎಂದು ಕೇಳಿದರೆ, “ಖಿನ್ನತೆ ಇರಬಹುದು, ಆತಂಕ ಇರಬಹುದು. ಅವಳ ಜೊತೆ ಮಾತಾಡದೆ ನನಗೆ ಗೊತ್ತಿಲ್ಲ” ಎಂದುಬಿಟ್ಟರು. ಗೋಡೆ ತುಂಬ ಸರ್ಟಿಫಿಕೇಟು ತೂಗುಹಾಕಿಕೊಂಡವರು ಅಷ್ಟು ಸಲೀಸಾಗಿ ಗೊತ್ತಿಲ್ಲ ಎಂದಿದ್ದು ಕೇಳಿ ನನಗೆ ಗಾಬರಿಯಾಯಿತು. ಎಳೆದು ತರಬೇಡಿ, ಗದರಬೇಡಿ, ಫೋನಿನಲ್ಲಿ ನನ್ನ ಜೊತೆ ಮಾತಾಡುತ್ತಾಳಾ ಕೇಳಿ, ಅವಳು ಒಳಗೆ ಕೂತು ಏನು ನೋಡುತ್ತಾಳೋ ಅದನ್ನು ನೀವೂ ಸ್ವಲ್ಪ ನೋಡಿ ಎಂದು ಹೇಳಿ ಕಳಿಸಿದರು. ಸುಚಿತ್ರಾ ಫೋನಿನಲ್ಲಿ ಮಾತಾಡಲು ಹೇಗೋ ಒಪ್ಪಿದಳು. ಏನು ನೋಡುತ್ತೀಯಮ್ಮ ಎಂದು ಮೆಸೇಜು ಹಾಕಿದ್ದಕ್ಕೆ, ಮೇಲಿನಿಂದ ಕೆಳಗೆ ನನ್ನ ಮೊಬೈಲಿಗೆ ಒಂದು ಲಿಂಕ್ ಬಂತು. ಜೊತೆಗೆ ಒಂದು ಸಾಲು: “ಇದನ್ನ ಪೂರ್ತಿ ನೋಡಪ್ಪ. ಆಮೇಲೆ ಮಾತಾಡಾಣ.”

ಅದು ಜಪಾನಿನ ಕಾರ್ಟೂನು. ಕಾರ್ಟೂನು ಅನ್ನಬಾರದಂತೆ, ಅನಿಮೆ ಅನ್ನಬೇಕಂತೆ. ಅದರ ಹೆಸರು ಮಾತ್ರ ಇಂದಿಗೂ ನನ್ನ ನಾಲಿಗೆಗೆ ಹೊರಳಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮೊಬೈಲನ್ನು ಸ್ಟೀಲ್ ಚೊಂಬಿಗೆ ಒರಗಿಸಿಟ್ಟು ನಾನೂ ಗಿರಿಜಾಳೂ ಕೂತೆವು. ಮೊದಲ ಐದು ನಿಮಿಷ ನನ್ನ ವೃತ್ತಿಯೇ ನನಗೆ ಅಡ್ಡ ಬಂತು. ಕಣ್ಣು ಕೋಳಿಮೊಟ್ಟೆಯಷ್ಟು, ಮೂಗು ಒಂದು ಚುಕ್ಕೆ! ಎರಡು ಕಣ್ಣಿನ ನಡುವೆ ಒಂದು ಕಣ್ಣಿನ ಜಾಗ ಬಿಡಬೇಕು ಎಂದು ಎಂಟನೇ ತರಗತಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ; ಇಲ್ಲಿ ನೋಡಿದರೆ ಕಣ್ಣು ಕಿವಿಯ ಮನೆಗೇ ಹೋಗಿ ಕೂತಿದೆ. ಕಥೆಯೋ, ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿ ಒಂದು ದಿನ ಕೆಲಸಕ್ಕೆ ಹೋಗುವುದಿಲ್ಲ. ಮರುದಿನವೂ ಹೋಗುವುದಿಲ್ಲ. ಹನ್ನೆರಡು ಕಂತು ಹೋಗುವುದಿಲ್ಲ. ಅಷ್ಟೇ ಕಥೆ. ಮಾತೆಲ್ಲ ಜಪಾನಿ, ಕೆಳಗೆ ಸರಸರ ಓಡುವ ಇಂಗ್ಲಿಷ್ ಸಾಲು. ಗಿರಿಜಾ ಸಾಲುಸಾಲಿಗೂ “ಏನಂದ್ಲು? ಏನಂದ್ಲು?” ಎಂದು ಕೇಳುವವಳು. ನನಗೋ ಆ ವೇಗಕ್ಕೆ ಅರ್ಧ ತಿಳಿದರೆ ಅರ್ಧ ತಿಳಿಯದು. ನನ್ನ ಕಾಯಿಲೆ ನಿಮಗೆ ಗೊತ್ತೇ ಇದೆ. ತಿಳಿಯದ ಕಡೆಯೆಲ್ಲ ನಾನೇ ಕಥೆ ಕಟ್ಟಿ ಹೇಳುತ್ತಾ ಹೋದೆ. ನಾಲ್ಕನೇ ಕಂತು ಮುಗಿಯುವಷ್ಟರಲ್ಲಿ ಗಿರಿಜಾ ನೋಡುತ್ತಿದ್ದ ಕಥೆಯಲ್ಲಿ ಆ ಹುಡುಗಿಗೆ ಒಬ್ಬ ಸೋದರತ್ತೆ ಇದ್ದಳು, ಆ ಸೋದರತ್ತೆ ಮಾಟ ಮಾಡಿಸಿದ್ದಳು. ಗಿರಿಜಾ ಮೆಟ್ಟಿಲು ಹತ್ತಿ ಹೋಗಿ “ಆ ಅತ್ತೆ ಮುಂಡೇದು ಕೊನೆಗಾದ್ರೂ ಸಿಕ್ಕಿ ಬೀಳ್ತಾಳೇನೇ?” ಎಂದು ಬಾಗಿಲಿಗೆ ಕೇಳಿದಾಗ, ಒಳಗಿನಿಂದ ತುಂಬ ದಿನದ ಮೇಲೆ ಒಂದು ದನಿ ಬಂತು: “ಯಾವ ಅತ್ತೆನಮ್ಮ?”

ಒಂದು ಕಂತಂತೂ ನನ್ನನ್ನು ಪೂರ್ತಿ ಗೊಂದಲಕ್ಕೆ ತಳ್ಳಿತು. ಆ ಹುಡುಗಿಯ ಕೋಣೆಯ ಬಲ್ಬು ಸುಟ್ಟುಹೋಗುತ್ತದೆ. ಬಲ್ಬಿನ ಅಂಗಡಿ ಎದುರು ಬೀದಿಯಲ್ಲೇ ಇದೆ. ಅವಳು ಶೂ ಹಾಕುತ್ತಾಳೆ, ಬಿಚ್ಚುತ್ತಾಳೆ. ಮತ್ತೆ ಹಾಕುತ್ತಾಳೆ, ಚಿಲಕದ ಮೇಲೆ ಕೈ ಇಡುತ್ತಾಳೆ, ಕೈಯನ್ನು ಹಿಂದಕ್ಕೆ ತೆಗೆದು ಲಂಗಕ್ಕೆ ಒರೆಸಿಕೊಳ್ಳುತ್ತಾಳೆ. ಅರ್ಧ ಗಂಟೆ ಇಷ್ಟೇ. ನಮ್ಮ ಧಾರಾವಾಹಿಗಳಲ್ಲಿ ಅಷ್ಟು ಹೊತ್ತಿಗೆ ಎರಡು ಮದುವೆ ಮುರಿದು, ಒಬ್ಬರಿಗೆ ನೆನಪು ಹೋಗಿರುತ್ತದೆ. ‘ಹೋಗಿ ತಗೊಂಡು ಬಾರೇ ತಾಯಿ’ ಎಂದು ನಾನು ಮೊಬೈಲಿಗೆ ಹೇಳಿದ್ದೂ ಉಂಟು. ಆದರೆ ಆ ಕೈ ಒರೆಸಿಕೊಳ್ಳುವುದನ್ನು ಬರೆದವನು ಯಾರೋ, ಬಲು ನಿಜವಾಗಿ ಬರೆದಿದ್ದ. ಅದನ್ನು ನೋಡುವಾಗ ನನ್ನ ಅಂಗೈಯೂ ಬೆವತಿತ್ತು, ಯಾಕೆಂದು ತಿಳಿಯಲಿಲ್ಲ. ಇನ್ನೊಂದು ತಕರಾರು ಇತ್ತು. ಆ ಹುಡುಗಿಗೆ ಒಬ್ಬ ಅಪ್ಪ ಇದ್ದಾನೆ, ದಿನಾ ಊಟದ ತಟ್ಟೆ ತಂದು ಬಾಗಿಲ ಮುಂದಿಟ್ಟು, ಎರಡು ಸಲ ಮೆಲ್ಲಗೆ ತಟ್ಟಿ ಹೋಗುತ್ತಾನೆ. ಹನ್ನೆರಡು ಕಂತಿನಲ್ಲಿ ಒಂದು ಸಲವೂ ಅವನ ಮುಖ ಬರೆದಿಲ್ಲ. ಬರೀ ಪಾದ. ಪಾದವನ್ನು ಮಾತ್ರ ಬೆರಳ ಗೆಣ್ಣಿನ ಸಮೇತ ಅಚ್ಚುಕಟ್ಟಾಗಿ ಬರೆದಿದ್ದಾರೆ, ಆ ಬಗ್ಗೆ ಎರಡು ಮಾತಿಲ್ಲ. ನಾನು ಸುಚಿತ್ರಾಗೆ ಮೆಸೇಜು ಹಾಕಿದೆ: “ಎಲ್ಲ ಚೆನ್ನಾಗಿದೆ. ಅಪ್ಪನ ಮುಖ ಯಾಕೆ ಬರೆದಿಲ್ಲ? ಸೋಮಾರಿತನವೇ?” ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು: “ಅವಳಿಗೆ ಕಾಣೋದು ಬಾಗಿಲ ಕೆಳಗಿನ ಸಂದಿಯಿಂದ ಅಲ್ವಾ ಅಪ್ಪಾ.” ಮರುದಿನ ತಟ್ಟೆ ಕೊಂಡೊಯ್ಯುವ ಮುಂಚೆ ನಾನು ಕಾಲು ತೊಳೆದುಕೊಂಡು ಹೋದೆ.

ಇಷ್ಟಾಗುವಾಗಲೇ ತಿಪ್ಪೇಶಣ್ಣ ನನ್ನನ್ನು ಹಿಡಿದುಹಾಕಿದ್ದು. ತಿಪ್ಪೇಶಣ್ಣ ನಮ್ಮ ಎದುರು ಮನೆಯವರು, ರಿಟೈರಾದ ಬಸ್ ಕಂಡಕ್ಟರು. ಮೂವತ್ತು ವರ್ಷ ಹೊಳಲ್ಕೆರೆಗೂ ಶ್ರೀರಾಂಪುರಕ್ಕೂ ನಡುವೆ ಓಡಾಡಿ ‘ಎಲ್ಲಿಗೆ?’ ಎಂದು ಕೇಳಿ ಕೇಳಿ, ಈಗ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಕೇಳುತ್ತಾರೆ. ಉತ್ತರ ಕೊಡದೆ ಅವರನ್ನು ದಾಟುವುದು ಟಿಕೆಟಿಲ್ಲದೆ ಬಸ್ಸು ಇಳಿದಷ್ಟೇ ಕಷ್ಟ. ಆವತ್ತು ನಾನು ಹಾಲು ತರಲು ಹೊರಟವನನ್ನು ನಿಲ್ಲಿಸಿ, “ಮೇಷ್ಟ್ರೇ, ಮಗಳು ಶಿವಮೊಗ್ಗದಾಗೆ ಅವಳೆ ಅಂದಿದ್ರಿ. ನಿನ್ನೆ ಮಾಡಿ ಕಿಟಕೀಲಿ ಕಂಡ್ಲಲ್ಲ?” ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಮಹಡಿಯ ಕಡೆ ನೋಡಿದೆ. ಅವರೂ ನೋಡಿದರು. “ತಲೆ ಬಾಚಿರ್ಲಿಲ್ಲ. ಮಾತಾಡ್ಸಿದ್ರೆ ಪರದೆ ಎಳಕಂಡ್ಲು. ಏನ್ ಸಮಾಚಾರ?” ಎಂದರು. ಆ ಕ್ಷಣ ನನ್ನ ಬಾಯಿಗೆ ಯಾವ ದೇವರು ಬಂದು ಕೂತನೋ ಕಾಣೆ. “ಮೌನಾನುಷ್ಠಾನ” ಎಂದೆ.

ನಮ್ಮ ಕಡೆ ಮಠದ ಸ್ವಾಮಿಗಳು ಆಗೀಗ ಮೌನಾನುಷ್ಠಾನಕ್ಕೆ ಕೂರುವುದುಂಟು. ಅಷ್ಟು ದಿನ ಮಾತಿಲ್ಲ, ದರ್ಶನವಿಲ್ಲ, ಒಪ್ಪತ್ತಿನ ಪ್ರಸಾದ. ಭಕ್ತರು ಮುಚ್ಚಿದ ಬಾಗಿಲಿಗೇ ಕೈಮುಗಿದು ಬರುತ್ತಾರೆ. ಮುಗಿಯುವ ದಿನ ಮಂಗಲ, ಊರಿಗೆಲ್ಲ ದಾಸೋಹ. ನಾನು ಹೇಳಿದ ಸುಳ್ಳು ಅಷ್ಟು ಸರಿಯಾಗಿ ಹೊಂದಿಕೊಂಡೀತೆಂದು ನನಗೂ ಗೊತ್ತಿರಲಿಲ್ಲ. ಪರದೆ, ಬಾಚದ ತಲೆ, ಬಾಗಿಲಿಗೆ ಹೋಗುವ ತಟ್ಟೆ, ಎಲ್ಲವೂ ಒಂದೇ ಏಟಿಗೆ ಅರ್ಥಪೂರ್ಣವಾದವು. ತಿಪ್ಪೇಶಣ್ಣ ಕಟ್ಟೆಯಿಂದ ಎದ್ದು ನಿಂತರು. ಅವರು ಯಾರಿಗಾಗಿಯೂ ಎದ್ದದ್ದನ್ನು ನಾನು ನೋಡಿರಲಿಲ್ಲ. “ಎಷ್ಟು ದಿನದ್ದು?” ಎಂದು ಪಿಸುದನಿಯಲ್ಲಿ ಕೇಳಿದರು. ಅಲ್ಲಾದರೂ ಗೊತ್ತಿಲ್ಲ ಎನ್ನಬಹುದಿತ್ತು. “ಒಂದು ಮಂಡಲ, ನಲವತ್ತೆಂಟು ದಿನ. ಇವತ್ತಿಗೆ ನಾಲ್ಕು ದಿನ ಆಯ್ತು” ಎಂದು ಲೆಕ್ಕ ಸಮೇತ ಹೇಳಿ ಹಾಲು ತರಲು ಹೋದೆ.

ಮರುದಿನ ಬೆಳಿಗ್ಗೆ ತಿಪ್ಪೇಶಣ್ಣನ ಹೆಂಡತಿ ಪಾರ್ವತಮ್ಮ ಬಂದು, ಚಪ್ಪಲಿ ಗೇಟಿನಾಚೆ ಬಿಟ್ಟು, ನಮ್ಮ ಮೆಟ್ಟಿಲ ಮೇಲೆ ಒಂದು ಚಿಪ್ಪು ಬಾಳೆಹಣ್ಣು, ತೆಂಗಿನಕಾಯಿ ಇಟ್ಟು, ಊದುಬತ್ತಿ ಹಚ್ಚಿ ಹೋದರು. ವಾರದೊಳಗೆ ನಮ್ಮ ಮೆಟ್ಟಿಲು ಗುಡಿಯ ಮೆಟ್ಟಿಲಾಯಿತು. ಬೀದಿಯವರು ನಮ್ಮ ಮನೆ ಮುಂದೆ ಬರುವಾಗ ಬೈಕಿನ ಹಾರನ್ನು ಒತ್ತುವುದನ್ನು ನಿಲ್ಲಿಸಿದರು. ದಿನವಿಡೀ ಹಾಡು ಹಚ್ಚುತ್ತಿದ್ದ ಪಕ್ಕದ ಟೈಲರು ರೇಡಿಯೋ ಆರಿಸಿದ. ಶಾಲೆಯಲ್ಲಿ ಗಣಿತದ ಮೇಷ್ಟ್ರು ನನ್ನ ಪೀರಿಯಡ್ಡುಗಳನ್ನು ವಾಪಸು ಕೊಟ್ಟು, “ನಿಮ್ಮ ಮನೆತನದಲ್ಲಿ ಇಂಥ ಸಂಸ್ಕಾರ ಇದೆ ಅಂತ ಗೊತ್ತಿರಲಿಲ್ಲ” ಎಂದರು. ಗಿರಿಜಾ ಮೊದಲ ದಿನ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಎರಡನೇ ವಾರ ಒಂದು ನಾಮಕರಣಕ್ಕೆ ಹೋದಾಗ ಅವಳಿಗೆ ಕುರ್ಚಿ ತಂದು ಹಾಕಿದರಂತೆ. ಅಲ್ಲಿಂದ ಬಂದ ಮೇಲೆ ಬೈಗುಳ ಸ್ವಲ್ಪ ಕಡಿಮೆಯಾಯಿತು. ತಮಾಷೆಯೆಂದರೆ, ಸುಚಿತ್ರಾಗೂ ಒಳ್ಳೆಯದೇ ಆಯಿತು. “ಅಪ್ಪಾ, ಬೀದಿ ಯಾಕೆ ಇಷ್ಟು ಸುಮ್ನಾಗೈತೆ? ಚೆನ್ನಾಗೈತೆ” ಎಂದು ಮೆಸೇಜು ಬಂತು. ಡಾಕ್ಟರ ಜೊತೆ ವಾರಕ್ಕೊಮ್ಮೆ ಮಾತಾಡತೊಡಗಿದಳು. ಮಾತ್ರೆ ತರಲು ಹೇಳಿದರು, ತಂದುಕೊಟ್ಟೆ. ನಾಲ್ಕನೇ ವಾರ ಇನ್ನೊಂದು ಮೆಸೇಜು: “ಇನ್ನೊಂದೆರಡು ವಾರಕ್ಕೆ ಅಂಗಳದ ನಲ್ಲಿ ತನಕ ಇಳಿದು ಬರ್ತೀನಿ ಅಂತ ಡಾಕ್ಟ್ರಿಗೆ ಹೇಳೀನಿ. ನೀವ್ಯಾರೂ ನೋಡ್ತಾ ನಿಂತ್ಕಬಾರ್ದು.” ನಾನು ಅದನ್ನು ಹತ್ತು ಸಲ ಓದಿದೆ. ಸುಳ್ಳು ಹೇಳಿದ್ದು ತಪ್ಪೋ ಒಪ್ಪೋ, ಔಷಧಿ ಕೆಲಸ ಮಾಡಿದ್ದು ಡಾಕ್ಟರದೋ ಪಾರ್ವತಮ್ಮನ ಊದುಬತ್ತಿಯದೋ, ನನಗೆ ತಲೆಬುಡ ತಿಳಿಯಲಿಲ್ಲ. ಸದ್ಯ, ಬಾಳೆಹಣ್ಣು ಚೆನ್ನಾಗಿತ್ತು.

ಆದರೆ ಅನುಷ್ಠಾನ ಎಂದ ಮೇಲೆ ಅದಕ್ಕೊಂದು ಮಂಗಲ ಇರುತ್ತದೆ ಎಂಬುದನ್ನು ನಾನು ಮರೆತಿದ್ದೆ, ತಿಪ್ಪೇಶಣ್ಣ ಮರೆತಿರಲಿಲ್ಲ. ಅವರು ದಿನ ಎಣಿಸುತ್ತಿದ್ದರು. “ನಲವತ್ತೆಂಟನೇ ದಿನ ತಾಯಿ ಹೊರಗೆ ಬರಾ ಹೊತ್ನಾಗೆ ಇಡೀ ಬೀದಿ ಮೆಟ್ಲ ಕೆಳಗೆ ಇರ್ಬೇಕು ಮೇಷ್ಟ್ರೇ. ಶಾಮಿಯಾನ ನಂದು. ಡೊಳ್ಳು ಹೇಳೀನಿ. ಒಬ್ರು ಸ್ವಾಮೇರನ್ನೂ ಕೇಳಿಕಂಡೀವಿ” ಎಂದರು. ಬೇಡ ಎನ್ನಬೇಕಿತ್ತು. “ಡೊಳ್ಳು ಬೇಡ, ಮೌನ ಅಲ್ವಾ” ಎಂದೆ, ಅಷ್ಟೇ. “ಸರಿ ಹಂಗಾರೆ, ಡೊಳ್ಳು ಬಿಡಾಣ. ಬ್ಯಾನರ್ ನೀವೇ ಬರಕೊಡ್ರಿ, ನಿಮ್ಮ ಕೈ ಅಕ್ಷರ ಊರಿಗೇ ಗೊತ್ತೈತೆ” ಎಂದರು. ನನ್ನ ಕೈಬರಹವನ್ನು ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಹಾಗೆ ಹೊಗಳಿರಲಿಲ್ಲ. ನಾಚಿಕೆಗೆಟ್ಟವನು, ನಾನೇ ಬಟ್ಟೆಯ ಮೇಲೆ ಕೆಂಪು, ಹಳದಿ ಬಣ್ಣದಲ್ಲಿ ‘ಶರಣೆ ಸುಚಿತ್ರಾದೇವಿಯವರ ಮೌನಾನುಷ್ಠಾನದ ಮಂಗಲ ಮಹೋತ್ಸವ, ಸರ್ವರಿಗೂ ಸ್ವಾಗತ’ ಎಂದು ಬರೆದುಕೊಟ್ಟೆ. ನೆರಳು ಕೊಟ್ಟು ಬರೆದಿದ್ದೆ, ಅಕ್ಷರ ಉಬ್ಬಿ ನಿಂತಂತೆ ಕಾಣುತ್ತಿತ್ತು. ತಿಪ್ಪೇಶಣ್ಣ ಅದನ್ನು ಬೀದಿಗೆ ಅಡ್ಡ ಕಟ್ಟಿಸಿ, ಫೋಟೋ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಆ ಗುಂಪಿನಲ್ಲಿ ಸುಚಿತ್ರಾಳ ನಂಬರೂ ಇದ್ದದ್ದು ಇಬ್ಬರಿಗೂ ಹೊಳೆಯಲಿಲ್ಲ. ಸಂಜೆ ನನ್ನ ಮೊಬೈಲಿಗೆ ಅದೇ ಫೋಟೋ ಮೇಲಿನಿಂದ ಬಂತು. ಕೆಳಗೆ ಒಂದೇ ಸಾಲು: “ಅಪ್ಪಾ, ಇದು ನಿನ್ನ ಅಕ್ಷರ.”

ಆಮೇಲೆ ಫೋನ್ ಆಫ್ ಆಯಿತು. ಆ ದಿನದ ತಟ್ಟೆ ಮುಟ್ಟದೆ ಹಾಗೆಯೇ ಇತ್ತು. ಮರುದಿನದ್ದೂ ಹಾಗೆಯೇ ಇತ್ತು. ನಲ್ಲಿ ತನಕ ಬರುತ್ತೇನೆ ಎಂದಿದ್ದವಳು ಈಗ ಒಳಗಿನಿಂದ ಎರಡನೇ ಚಿಲಕವನ್ನೂ ಹಾಕಿಕೊಂಡದ್ದು ಕೇಳಿಸಿತು. ಗಿರಿಜಾ ಬೈಯಲಿಲ್ಲ, ಮುಟ್ಟದ ತಟ್ಟೆಯನ್ನು ನನ್ನ ಮುಂದೆ ತಂದಿಟ್ಟು, “ನಲವತ್ತೆಂಟು ದಿನ ಅಂದ್ರಲ್ಲ, ಈಗ ನೀವೇ ಎಣಿಸ್ರಿ” ಎಂದಳು. ನನಗೆ ಹೆದರಿಕೆಯಾಯಿತು. ಒಂದು ತರಗತಿಯ ನಗುವಿನಿಂದ ತಪ್ಪಿಸಿಕೊಂಡು ಬಂದ ಮಗಳನ್ನು ಕೋಣೆಯಿಂದ ಎಳೆದು, ಇಡೀ ಬೀದಿಯ ಮುಂದೆ ಬೋರ್ಡಿನ ಬದಲು ಬ್ಯಾನರಿನ ಕೆಳಗೆ ನಿಲ್ಲಿಸಲು ಹೊರಟಿದ್ದೆ ನಾನು. ಎರಡು ದಿನ ಊಟ ಬಿಟ್ಟವಳು ಮೂರನೇ ದಿನ ಏನು ಮಾಡಿಕೊಳ್ಳುತ್ತಾಳೋ ಎಂಬ ಯೋಚನೆ ಬಂದದ್ದೇ ಡಾಕ್ಟರಿಗೆ ಫೋನು ಮಾಡಿದೆ. ಆಕೆ ಎಲ್ಲ ಕೇಳಿಸಿಕೊಂಡು, “ಬಾಗಿಲ ಹತ್ತಿರ ತಾಯಿ ಇರಲಿ, ನಾನು ಅವಳ ಫೋನಿಗೆ ಮತ್ತೆ ಮತ್ತೆ ಪ್ರಯತ್ನ ಮಾಡುತ್ತೇನೆ. ಮೊದಲು ಆ ಬ್ಯಾನರ್ ಇಳಿಸಿ” ಎಂದರು.

ಬ್ಯಾನರು ಇಳಿಸುವುದೆಂದರೆ ಬರೀ ಹಗ್ಗ ಬಿಚ್ಚುವುದಲ್ಲ. ಬೀದಿಯವರೆಲ್ಲ ಈಶ್ವರನ ಗುಡಿಯ ಜಗಲಿಯ ಮೇಲೆ ಕೂತು, ದಾಸೋಹಕ್ಕೆ ಗೋಧಿ ಪಾಯಸವೋ ಹೆಸರುಬೇಳೆ ಪಾಯಸವೋ ಎಂದು ಚರ್ಚೆ ಮಾಡುತ್ತಿದ್ದರು. ನನ್ನನ್ನು ಕಂಡದ್ದೇ “ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ತಾಯಿಗೆ ಯಾವ ಪಾಯ್ಸ ಇಷ್ಟ?” ಎಂದು ತಿಪ್ಪೇಶಣ್ಣ ಕೇಳಿದರು. ನಾನು ಕೂರಲಿಲ್ಲ. ಕೈ ಬೆವತಿತ್ತು, ಪ್ಯಾಂಟಿಗೆ ಒರೆಸಿಕೊಂಡೆ. “ಅನುಷ್ಠಾನ ಏನೂ ಇಲ್ಲ” ಎಂದ ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೇ ಸಲ ಜೋರಾಗಿ ಹೇಳಿದೆ: “ಅನುಷ್ಠಾನ ಇಲ್ಲ. ನಾನು ಸುಳ್ಳು ಹೇಳಿದೆ. ನನ್ನ ಮಗಳಿಗೆ ಮನಸ್ಸಿಗೆ ಹುಷಾರಿಲ್ಲ. ಎಂಟು ತಿಂಗಳಿಂದ ಹೊರಗೆ ಬಂದಿಲ್ಲ.” ಯಾವಾಗ ಸರಿ ಹೋಗುತ್ತದೆ ಎಂದು ಯಾರೋ ಕೇಳಿದರು. “ಗೊತ್ತಿಲ್ಲ” ಎಂದೆ. ಹುಟ್ಟಿ ಐವತ್ತೆರಡು ವರ್ಷಕ್ಕೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲಿರಬೇಕು.

ತಿಪ್ಪೇಶಣ್ಣ, “ಅಲ್ರಿ, ಹುಷಾರಿಲ್ಲ ಅಂದಿದ್ರೆ ನಾವೇನ್ ಹಾರನ್ ಹೊಡೀತಿದ್ವಾ?” ಎಂದರು. ಹೊಡೆಯುತ್ತಿದ್ದರು ಎಂದು ಒಂದು ಮನಸ್ಸು, ಹೊಡೆಯುತ್ತಿರಲಿಲ್ಲ ಎಂದು ಇನ್ನೊಂದು ಮನಸ್ಸು. ಪಾರ್ವತಮ್ಮನ ಮುಖ ಕೆಂಪಾಗಿತ್ತು. “ದಿನಾ ಬಂದು ಆ ಬಾಗಿಲಿಗೆ ಕೈ ಮುಗಿದೀನಿ. ನಮ್ಮನಿ ಕಷ್ಟ ಎಲ್ಲಾ ಹೇಳ್ಕಂಡೀನಿ. ಹಣ್ಣು ಯಾರು ತಿಂದ್ರು ಮೇಷ್ಟ್ರೇ?” ಎಂದರು. “ನಾನೇ” ಎಂದೆ. ಹಿಂದೆ ಯಾರೋ ಕಿಸಕ್ಕೆಂದರು. ಒಬ್ಬರು ನಕ್ಕ ಮೇಲೆ ಇನ್ನೊಬ್ಬರು, ಆಮೇಲೆ ಜಗಲಿಗೆ ಜಗಲಿಯೇ. ಕೆಟ್ಟ ನಗು ಅಲ್ಲದಿರಬಹುದು. ಆದರೆ ಅದರ ಮುಂದೆ ನಿಂತಿದ್ದವನು ನಾನು. ಮುಂದೆ ಏನು ಹೇಳಬೇಕೆಂದು ತೋಚದೆ ಎಷ್ಟೋ ಹೊತ್ತು ಹಾಗೆಯೇ ನಿಂತಿದ್ದೆ.

ಮನೆಗೆ ಬಂದವನೇ ನಡುಮನೆಯ ಪಕ್ಕದ, ನನ್ನ ಬಣ್ಣದ ಡಬ್ಬಿ, ಹಳೆಯ ಚಾರ್ಟುಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತು ಕೂತು ಎದ್ದು ಬರುವುದೆಂದೇ ಲೆಕ್ಕ. ಏಳಲಾಗಲಿಲ್ಲ. ಮರುದಿನ ಶಾಲೆಗೆ ಹೋಗಲು ಶರ್ಟು ಹಾಕಿದೆ, ಬಿಚ್ಚಿದೆ. ಮತ್ತೆ ಹಾಕಿ ಚಿಲಕದ ಮೇಲೆ ಕೈ ಇಟ್ಟೆ. ಗೇಟು ದಾಟಿದರೆ ಕಟ್ಟೆ, ಕಟ್ಟೆಯ ಮೇಲೆ ತಿಪ್ಪೇಶಣ್ಣ, ಅವರ ಬಾಯಲ್ಲಿ ‘ಎಲ್ಲಿಗೆ?’. ಜ್ವರ ಎಂದು ಗಿರಿಜಾಳ ಕೈಲಿ ರಜೆ ಚೀಟಿ ಕಳಿಸಿದೆ. ಗಿರಿಜಾ ಬಾಗಿಲು ಬಡಿದು, “ಮಾಡಿ ಮ್ಯಾಲೊಬ್ಳು, ಕೆಳಗೊಬ್ರು. ನಾನು ಯಾವ ಬಾಗಿಲಿಗೆ ಅಂತ ತಟ್ಟೆ ಹೊರ್ಲಿ?” ಎಂದು ಅತ್ತಳು. ಅವಳು ಕಿಟಕಿಯಿಂದ ಕಂಡದ್ದನ್ನು ಬಾಗಿಲಾಚೆಯಿಂದಲೇ ವರದಿ ಮಾಡುತ್ತಿದ್ದಳು: ತಿಪ್ಪೇಶಣ್ಣ ಬ್ಯಾನರು ಇಳಿಸಿ ಮಡಿಸಿಟ್ಟರು. ಪಾರ್ವತಮ್ಮ ಬಂದು ನಮ್ಮ ಮೆಟ್ಟಿಲ ಮೇಲಿನ ತೆಂಗಿನಕಾಯಿ, ಊದುಬತ್ತಿಯ ಬೂದಿ ಎಲ್ಲ ಬಳಿದು, ಹದಿನಾಲ್ಕು ಮೆಟ್ಟಿಲನ್ನೂ ಗುಡಿಸಿ ಹೋದರು. ಜಗಲಿಯಲ್ಲಿ ನಡೆದದ್ದನ್ನೂ ನಾನು ಬಾಗಿಲು ಹಾಕಿಕೊಂಡದ್ದನ್ನೂ ಗಿರಿಜಾ ಮಹಡಿಯ ಬಾಗಿಲಿಗೂ ಹೇಳಿ ಬಂದಿದ್ದಳಂತೆ. ಡಾಕ್ಟರ ಫೋನು ಸುಚಿತ್ರಾಗೆ ಸಿಕ್ಕಿತಂತೆ, ರಾತ್ರಿ ಅರ್ಧ ಮುದ್ದೆ ಉಂಡಳಂತೆ. ಕೇಳಿ ಸಮಾಧಾನವಾಯಿತು. ಆದರೂ ಎದ್ದು ಬಾಗಿಲು ತೆಗೆಯಲು ಆಗಲಿಲ್ಲ. ಆ ಹುಡುಗಿ ಒಂದು ಬಲ್ಬು ತರಲು ಅರ್ಧ ಗಂಟೆ ತೆಗೆದುಕೊಂಡಳೆಂದು ಬೈದಿದ್ದೆನಲ್ಲ, ನನಗೆ ಚಾಪೆಯಿಂದ ಬಾಗಿಲಿಗೆ ಬರಲು ಎರಡು ದಿನ ಸಾಲಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಾಗಿಲು ಮೆಲ್ಲಗೆ ಎರಡು ಸಲ ಸದ್ದು ಮಾಡಿತು. ಗಿರಿಜಾ ಬಾಗಿಲು ತಟ್ಟುವವಳಲ್ಲ, ಬಡಿಯುವವಳು. ನಾನು ಚಾಪೆಯ ಮೇಲೆ ಮಲಗಿದ್ದೆ, ಬಾಗಿಲ ಕೆಳಗಿನ ಸಂದಿ ಕಣ್ಣಿನ ಮಟ್ಟಕ್ಕೇ ಇತ್ತು. ಅಲ್ಲಿ ಒಂದು ತಟ್ಟೆಯ ಅಂಚು, ಅದರ ಹಿಂದೆ ಎರಡು ಪಾದ. ಕಾಲುಂಗುರ ಇರಲಿಲ್ಲ. ಬಿಸಿಲು ಕಾಣದೆ ಬಿಳಿಚಿದ್ದವು, ಹೆಬ್ಬೆರಳಿಗಿಂತ ಪಕ್ಕದ ಬೆರಳು ಒಂದು ಚೂರು ಉದ್ದವಿತ್ತು, ನನ್ನ ಕಾಲಿನ ಹಾಗೆಯೇ. ಮಗಳ ಪಾದ ಹೀಗಿದೆ ಎಂದು ನಾನು ಎಂದೂ ನೋಡಿರಲಿಲ್ಲ. ಹದಿನಾಲ್ಕು ಮೆಟ್ಟಿಲು ಇಳಿದು, ನಲ್ಲಿ ದಾಟಿ, ನಡುಮನೆ ದಾಟಿ ಬಂದಿದ್ದಾಳೆ. ಉಸಿರಾಡಿದರೆ ಓಡಿಹೋಗುತ್ತಾಳೇನೋ ಎಂದು ನಾನು ಉಸಿರು ಹಿಡಿದೆ.

“ಅಪ್ಪಾ” ಎಂದಳು. “ಮುದ್ದೆ ಆರೋಗ್ತೈತೆ.”

“ಹೂಂ” ಎಂದೆ.

“ಎಷ್ಟು ದಿನದ್ದು ನಿಂದು?”

ಬಾಯಿ ತನ್ನಷ್ಟಕ್ಕೆ ತೆರೆಯಿತು, ಇಪ್ಪತ್ತೊಂದು ಎನ್ನಲೋ ಹನ್ನೊಂದು ಎನ್ನಲೋ ಎಂದು. ಆಮೇಲೆ “ಗೊತ್ತಿಲ್ಲ ಕಣಮ್ಮ” ಎಂದೆ. ಅಳು ಬಂತು. ಅವಳು ಹೋಗಲಿಲ್ಲ. ಸಂದಿಯಲ್ಲಿ ಆ ಪಾದಗಳು ಒಂದರ ಮೇಲೊಂದು ಉಜ್ಜಿಕೊಳ್ಳುತ್ತಾ ಸುಮಾರು ಹೊತ್ತು ನಿಂತಿದ್ದವು. ಹೊರಡುವ ಮುನ್ನ ಒಂದು ಮಾತು ಹೇಳಿದಳು: “ಉಂಡ್ಮೇಲೆ ತಟ್ಟೆಗೆ ನೀರು ಹಾಕಿಡಪ್ಪಾ. ಒಣಗಿದ್ರೆ ಹೋಗಲ್ಲ.”

ಈಗಲೂ ಅವಳು ಕೆಲವು ದಿನ ಇಳಿದು ಬರುತ್ತಾಳೆ, ಕೆಲವು ದಿನ ಇಲ್ಲ. ಡಾಕ್ಟರ ಜೊತೆ ಮಾತು ನಡೆದಿದೆ. ನಾನು ಶಾಲೆಗೆ ಹೋಗುತ್ತಿದ್ದೇನೆ, ಪೀರಿಯಡ್ಡುಗಳು ಗಣಿತಕ್ಕೆ ವಾಪಸು ಹೋಗಿವೆ. ತಿಪ್ಪೇಶಣ್ಣ ನನ್ನನ್ನು ಕಂಡರೆ “ಎಲ್ಲಿಗೆ?” ಎನ್ನದೆ “ಹೆಂಗಿದೀರಿ?” ಎನ್ನುತ್ತಾರೆ, ಅದು ಇನ್ನೂ ಕಷ್ಟದ ಪ್ರಶ್ನೆ. ಆವತ್ತಿನ ತಟ್ಟೆಗೆ ಮಾತ್ರ ನಾನು ನೀರು ಹಾಕಿಡಲು ಮರೆತೆ. ಒಣಗಿದ ಮುದ್ದೆ ಕೆರೆದು ಕೆರೆದು ಸೋತ ಗಿರಿಜಾ, ತಟ್ಟೆಯನ್ನು ನನ್ನ ಮುಂದೆ ಹಿಡಿದು, ಎಂಟು ತಿಂಗಳಲ್ಲಿ ಸುಚಿತ್ರಾ ಉಂಡ ತಟ್ಟೆ ಒಂದು ದಿನವೂ ಒಣಗಿರಲಿಲ್ಲ, ದಿನಾ ತೊಳೆದೇ ಹೊರಗಿಡುತ್ತಿದ್ದಳು ಎಂದಳು. ನನಗೆ ಅದೂ ಗೊತ್ತಿರಲಿಲ್ಲ.